ಬಟನ್ ಒತ್ತಿದ್ರೆ ಹ್ಯಾಂಗ್, ಪಟ್ಟಿಯಲ್ಲಿ ಹೊಸದುರ್ಗ ಕೆಳಗೆ: ಮೊದಲ ಡೆಸ್ಕ್‌ಟಾಪ್ ಆ್ಯಪ್ ಬರೆಯೋರಿಗೆ

ಹೋದ ಬೇಸಿಗೆ ರಜೆಯಲ್ಲಿ ಹೊಸದುರ್ಗದಲ್ಲಿರೋ ನಮ್ಮ ಮಾವನ ಕೊಬ್ಬರಿ ಅಂಗಡಿಗೆ ಒಂದು ಸಣ್ಣ ಆ್ಯಪ್ ಬರೆದೆ. ರೈತರ ಹೆಸರು, ತಾಲ್ಲೂಕು, ಚೀಲಗಳ ತೂಕ, ರೇಟು ಹಾಕಿದ್ರೆ ಒಟ್ಟು ದುಡ್ಡು ತೋರಿಸಬೇಕು, ಉಳಿಸ್ಕೋಬೇಕು, ಒಂದು ಚೀಟಿ ಪ್ರಿಂಟ್ ಮಾಡಬೇಕು. ಅಷ್ಟೇ ಕೆಲಸ. ಬರೆದಿದ್ದು ಪೈಥಾನ್‌ನಲ್ಲಿ. ವಿಂಡೋಗೆ ಅದರ ಜೊತೆಗೇ ಬರೋ ಟಿಕಿಂಟರ್, ಡೇಟಾ ಇಡೋಕೆ ಎಸ್‌ಕ್ಯೂಲೈಟ್. ಮೊದಲ ದಿನ 48 ಕಿಲೋ, 52 ಕಿಲೋದ ಎರಡು ಚೀಲ ಹಾಕಿದೆ. ಒಟ್ಟು 4852 ಕಿಲೋ ಅಂತ ಬಂತು. ಮಾವ ಪರದೆ ನೋಡಿ, "ಏನೋ ಅಳಿಯ, ಲಾರಿ ಎಲ್ಲಿ ನಿಲ್ಸಿದೀಯ?" ಅಂದರು.

ಆ ಒಂದು ತಿಂಗಳಲ್ಲಿ ನಾನು ಮಾಡಿದ ತಪ್ಪುಗಳಲ್ಲಿ ಹೆಚ್ಚಿನವು ನಮ್ಮ ಕ್ಲಾಸಿನ ಎಲ್ಲರೂ ಮಿನಿ ಪ್ರಾಜೆಕ್ಟ್‌ನಲ್ಲಿ ಮಾಡ್ತಾ ಇರೋವೇ. ಕೆಲವು ಮಾತ್ರ ಕನ್ನಡದಲ್ಲಿ ಆ್ಯಪ್ ಬರೆಯೋರಿಗೆ ಬರೋವು. ಅವು ಯಾವ ಟ್ಯುಟೋರಿಯಲ್‌ನಲ್ಲೂ ನನಗೆ ಸಿಗಲಿಲ್ಲ. ಎರಡನ್ನೂ ಇಲ್ಲಿ ಬರೀತಿದೀನಿ. ಕೋಡ್ ಪದಗಳನ್ನ ಇಲ್ಲಿ ಕನ್ನಡ ಲಿಪಿಯಲ್ಲೇ ಕೊಟ್ಟಿದೀನಿ. ಎಡಿಟರ್‌ನಲ್ಲಿ ಬರೆಯುವಾಗ ಪೈಥಾನ್‌ನ ಸ್ವಂತ ಪದಗಳು ಇಂಗ್ಲಿಷ್‌ನಲ್ಲೇ ಇರಬೇಕು. ಆದರೆ ನೀವು ಇಡೋ ಹೆಸರುಗಳು, ಅಂದ್ರೆ ಉಳಿಸು, ತೂಕ, ರೇಟು ಇಂಥವು, ಕನ್ನಡದಲ್ಲೇ ಇದ್ರೂ ಪೈಥಾನ್ 3 ಒಪ್ಕೊಳ್ಳುತ್ತೆ.

ಮೊದಲು: ಗಲ್ಲಾ ಪೆಟ್ಟಿಗೆ ಮುಂದೆ ಕೂತ ಪ್ರೋಗ್ರಾಂ

ನಾವು ಫಸ್ಟ್ ಸೆಮ್‌ನಲ್ಲಿ ಬರೆದ ಪ್ರೋಗ್ರಾಂಗಳು ಮೇಲಿಂದ ಕೆಳಗೆ ಓಡ್ತವೆ. ಸಂಖ್ಯೆ ಕೇಳುತ್ತೆ, ಉತ್ತರ ಪ್ರಿಂಟ್ ಮಾಡುತ್ತೆ, ಮುಗೀತು. ವಿಂಡೋ ಇರೋ ಪ್ರೋಗ್ರಾಂ ಹಾಗಲ್ಲ. ಅದು ವಿಂಡೋ ಕಟ್ಟಿ ಮುಗಿಸಿ, ಮೇನ್‌ಲೂಪ್ ಅನ್ನೋ ಸಾಲಿಗೆ ಬಂದು ಅಲ್ಲೇ ಕೂತ್ಬಿಡುತ್ತೆ. ಅಂಗಡಿ ಗಲ್ಲಾ ಮುಂದೆ ಕೂತ ಗುಮಾಸ್ತರ ಥರ. ಮೌಸ್ ಕ್ಲಿಕ್, ಕೀ ಒತ್ತಿದ್ದು, ವಿಂಡೋ ಸರಿಸಿದ್ದು, ಎಲ್ಲಾ ಒಬ್ಬೊಬ್ಬ ಗಿರಾಕಿ. ಒಬ್ಬರ ಕೆಲಸ ಮುಗಿಸಿ ಇನ್ನೊಬ್ಬರನ್ನ ಕರೀತಾರೆ. ಇರೋದು ಒಬ್ಬರೇ ಗುಮಾಸ್ತರು.

ಇದು ತಲೆಗೆ ಹೋದ್ರೆ ಮುಂದಿನ ಅರ್ಧ ತೊಂದರೆ ತಾನಾಗೇ ಅರ್ಥ ಆಗುತ್ತೆ. ನಾವು ಬರೆಯೋದು ಗುಮಾಸ್ತರಿಗೆ ಕೊಡೋ ಚೀಟಿಗಳು: "ಈ ಬಟನ್ ಒತ್ತಿದ್ರೆ ಇದನ್ನ ಮಾಡಿ". ಯಾವಾಗ ಮಾಡಬೇಕು ಅನ್ನೋದು ನಮ್ಮ ಕೈಲಿ ಇಲ್ಲ.

ಬಟನ್ ಒತ್ತೋ ಮುಂಚೇನೇ ಕೆಲಸ ಆಗ್ತಿದೆ

ಬಟನ್‌ಗೆ ಕಮಾಂಡ್ ಕೊಡುವಾಗ ನಾನು ಹೀಗೆ ಬರೆದಿದ್ದೆ: ಕಮಾಂಡ್=ಉಳಿಸು(). ಆ್ಯಪ್ ಓಪನ್ ಆದ ತಕ್ಷಣ ಒಂದು ಖಾಲಿ ಎಂಟ್ರಿ ಸೇವ್ ಆಯ್ತು. ಆಮೇಲೆ ಬಟನ್ ಎಷ್ಟು ಒತ್ತಿದ್ರೂ ಏನೂ ಇಲ್ಲ.

ಕಾರಣ ಆ ಬ್ರಾಕೆಟ್. ಬ್ರಾಕೆಟ್ ಹಾಕಿದ್ರೆ "ಈಗಲೇ ಮಾಡು, ಬಂದ ಉತ್ತರ ಕೊಡು" ಅಂತ ಅರ್ಥ. ಬ್ರಾಕೆಟ್ ಇಲ್ಲದೆ ಕಮಾಂಡ್=ಉಳಿಸು ಅಂದ್ರೆ "ಈ ಚೀಟಿ ಇಟ್ಕೋ, ಒತ್ತಿದಾಗ ಮಾಡು" ಅಂತ. ಮೊದಲನೇದರಲ್ಲಿ ಉಳಿಸು ಆಗಲೇ ಓಡಿ ಮುಗಿದು, ಅದು ವಾಪಸ್ ಕೊಟ್ಟ ನನ್ (ಅಂದ್ರೆ ಏನೂ ಇಲ್ಲ) ಬಟನ್ ಕೈಗೆ ಹೋಗಿತ್ತು.

ಇದರ ತಮ್ಮ ಇನ್ನೊಂದಿದೆ. ಜಿಲ್ಲೆಯ ಆರು ತಾಲ್ಲೂಕಿಗೆ ಫಾರ್ ಲೂಪ್ ಹಾಕಿ ಆರು ಬಟನ್ ಮಾಡಿದೆ. ಪ್ರತಿ ಬಟನ್‌ಗೂ ಕಮಾಂಡ್=ಲ್ಯಾಂಬ್ಡಾ: ತೋರಿಸು(ತಾ). ಯಾವ ಬಟನ್ ಒತ್ತಿದ್ರೂ ಹೊಳಲ್ಕೆರೆ ರೈತರೇ ಬರ್ತಾರೆ! ಯಾಕಂದ್ರೆ ಲ್ಯಾಂಬ್ಡಾ ತಾ ಅನ್ನೋ ಹೆಸರನ್ನ ಮಾತ್ರ ನೆನಪಿಟ್ಕೊಳ್ಳುತ್ತೆ, ಬೆಲೆಯನ್ನಲ್ಲ. ನಾವು ಒತ್ತೋ ಹೊತ್ತಿಗೆ ಲೂಪ್ ಮುಗಿದು ತಾ ಕೊನೆಯ ಊರಲ್ಲಿ ನಿಂತಿರುತ್ತೆ. ಲ್ಯಾಂಬ್ಡಾ ತಾ=ತಾ: ತೋರಿಸು(ತಾ) ಅಂತ ಬರೆದ್ರೆ ಆಯಾ ಸುತ್ತಿನ ಬೆಲೆ ಅಲ್ಲೇ ಗಂಟು ಬೀಳುತ್ತೆ.

ಇಂಥದ್ದೇ ಇನ್ನೆರಡು, ಬೇಗ ಹೇಳ್ಬಿಡ್ತೀನಿ. ಒಂದು: ಎಂಟ್ರಿ ಪೆಟ್ಟಿಗೆ ಮಾಡಿ ಅದೇ ಸಾಲಲ್ಲಿ ಗ್ರಿಡ್ ಕರೆದು ವೇರಿಯಬಲ್‌ಗೆ ಹಾಕಿದ್ರೆ, ಆ ವೇರಿಯಬಲ್‌ನಲ್ಲಿ ಪೆಟ್ಟಿಗೆ ಇರಲ್ಲ. ಗ್ರಿಡ್ ವಾಪಸ್ ಕೊಡೋದು ನನ್. ಎರಡು ಸಾಲಾಗಿ ಬರೀರಿ. ಎರಡು: ಫಂಕ್ಷನ್ ಒಳಗೆ ಲೋಡ್ ಮಾಡಿದ ಲೋಗೋ ಕಾಣಿಸ್ತಾ ಇಲ್ಲ ಅಂದ್ರೆ, ಫಂಕ್ಷನ್ ಮುಗಿದಾಗ ಪೈಥಾನ್ ಆ ಚಿತ್ರವನ್ನ ಕಸ ಅಂತ ಗುಡಿಸಿ ಹಾಕಿದೆ. ಲೇಬಲ್‌ನ ಒಂದು ಆ್ಯಟ್ರಿಬ್ಯೂಟ್‌ಗೆ ಚಿತ್ರ ಸೇರಿಸಿ ಇಟ್ರೆ ಉಳಿಯುತ್ತೆ.

"ನಾಟ್ ರೆಸ್ಪಾಂಡಿಂಗ್"

ಹಳೇ ಲೆಕ್ಕದ ಫೈಲ್ ಒಳಗೆ ತಗೊಳ್ಳೋ ಬಟನ್ ಒತ್ತಿದ್ರೆ ವಿಂಡೋ ಬೆಳ್ಳಗಾಗಿ, ಮೇಲೆ "ನಾಟ್ ರೆಸ್ಪಾಂಡಿಂಗ್" ಅಂತ ಬರ್ತಿತ್ತು. ಕೋಡ್ ಸರಿ ಇತ್ತು. ಆದ್ರೆ ಗುಮಾಸ್ತರನ್ನ ಗೋಡೌನ್‌ಗೆ ಚೀಲ ಎಣಿಸೋಕೆ ಕಳಿಸಿದ ಹಾಗೆ. ಅವರು ವಾಪಸ್ ಬರೋವರೆಗೂ ಗಲ್ಲಾ ಮುಂದೆ ಯಾರೂ ಇಲ್ಲ. ಕ್ಲಿಕ್‌ಗಳು ಕ್ಯೂನಲ್ಲಿ ನಿಂತಿವೆ, ವಿಂಡೋ ತನ್ನನ್ನ ತಾನು ಮತ್ತೆ ಬರೆದುಕೊಳ್ಳೋಕೂ ಆಗ್ತಿಲ್ಲ. ಎರಡು ಸೆಕೆಂಡ್ ಕಾಯಲಿ ಅಂತ ಸ್ಲೀಪ್ ಹಾಕಿದ್ರೂ ಇದೇ ಗತಿ. ಗುಮಾಸ್ತರು ಕುರ್ಚಿಯಲ್ಲೇ ನಿದ್ದೆ ಮಾಡಿದ ಹಾಗೆ.

ಮೂರು ದಾರಿ ಇವೆ. ಸ್ವಲ್ಪ ಹೊತ್ತಿನ ನಂತರ ಏನೋ ಆಗಬೇಕು ಅಂದ್ರೆ ಸ್ಲೀಪ್ ಬಿಟ್ಟು ಆಫ್ಟರ್ ಬಳಸಿ: 2000 ಮಿಲಿಸೆಕೆಂಡ್ ಆದ್ಮೇಲೆ ಈ ಫಂಕ್ಷನ್ ಕರಿ ಅಂತ ಹೇಳಿ ಬಿಟ್ಟುಬಿಡೋದು. ದೊಡ್ಡ ಕೆಲಸವನ್ನ ತುಂಡು ಮಾಡೋಕಾದ್ರೆ ಒಂದು ಸಲಕ್ಕೆ 100 ಸಾಲು ಓದಿ, ಮುಂದಿನ 100 ಸಾಲಿಗೆ ಆಫ್ಟರ್ ಹಾಕಿ. ತುಂಡು ಮಾಡೋಕೆ ಆಗಲ್ಲ ಅಂದ್ರೆ ಥ್ರೆಡ್. ಆದ್ರೆ ಥ್ರೆಡ್ ಒಳಗಿಂದ ಲೇಬಲ್, ಎಂಟ್ರಿ ಯಾವುದನ್ನೂ ಮುಟ್ಟಬೇಡಿ. ಗೋಡೌನ್ ಆಳು ನೇರವಾಗಿ ಲೆಕ್ಕದ ಪುಸ್ತಕಕ್ಕೆ ಕೈ ಹಾಕಬಾರದು. ಅವನು ಕ್ಯೂ ಒಂದರಲ್ಲಿ ಚೀಟಿ ಇಡಲಿ, ಗುಮಾಸ್ತರು ಆಫ್ಟರ್ ಬಳಸಿ ಆಗಾಗ ನೋಡಿ ಪುಸ್ತಕಕ್ಕೆ ಬರೆದುಕೊಳ್ಳಲಿ. ಥ್ರೆಡ್‌ನಿಂದ ಲೇಬಲ್ ಬದಲಿಸಿದ್ರೆ ಹತ್ತು ಸಲ ಕೆಲಸ ಮಾಡಿ ಹನ್ನೊಂದನೇ ಸಲ, ಸರಿಯಾಗಿ ವೈವಾ ಟೈಮಲ್ಲಿ, ಬೀಳಬಹುದು.

4852 ಕಿಲೋ

ಎಂಟ್ರಿ ಪೆಟ್ಟಿಗೆಯಿಂದ ಬರೋದು ಯಾವಾಗಲೂ ಪಠ್ಯ, ಸಂಖ್ಯೆ ಅಲ್ಲ. ಎರಡು ಪಠ್ಯ ಕೂಡಿಸಿದ್ರೆ ಪಕ್ಕಪಕ್ಕ ಅಂಟಿಕೊಳ್ತವೆ. ಸಂಖ್ಯೆಗೆ ಬದಲಿಸಿಯೇ ಕೂಡಬೇಕು, ಬದಲಿಸುವಾಗ ಟ್ರೈ-ಎಕ್ಸೆಪ್ಟ್ ಇರಬೇಕು. ಯಾಕಂದ್ರೆ ಜನ ಪೆಟ್ಟಿಗೆ ಖಾಲಿ ಬಿಡ್ತಾರೆ, "48 ಕೆಜಿ" ಅಂತಲೂ ಬರೀತಾರೆ. ಒಂದು ಖುಷಿ ವಿಷಯ: ನಮ್ಮ ಗುಮಾಸ್ತರು ಒಂದ್ಸಲ ಕನ್ನಡ ಅಂಕಿಯಲ್ಲಿ ೪೮ ಅಂತ ಹಾಕಿದ್ರು. ಪೈಥಾನ್‌ನ ಇಂಟ್ ಅದನ್ನ 48 ಅಂತಲೇ ಓದ್ತು.

ಇನ್ನು ದುಡ್ಡು. ಪೈಥಾನ್‌ಗೆ 0.1 + 0.2 ಎಷ್ಟು ಅಂತ ಕೇಳಿ, 0.30000000000000004 ಅನ್ನುತ್ತೆ. ಫ್ಲೋಟ್ ಒಳಗೆ ಎಲ್ಲಾ ಬೈನರಿ. ನಮ್ಮ ದಶಮಾಂಶದ 0.1 ಅಲ್ಲಿ ಪೂರ್ತಿ ಕೂರಲ್ಲ, ಮೂರರಲ್ಲಿ ಒಂದು ಭಾಗವನ್ನ ನಾವು ದಶಮಾಂಶದಲ್ಲಿ ಪೂರ್ತಿ ಬರೆಯೋಕಾಗದ ಹಾಗೆ. ಒಂದು ಚೀಟಿಯಲ್ಲಿ ಇದು ಕಾಣಲ್ಲ. ಆದ್ರೆ ದಿನದ ಒಟ್ಟು ಮೊತ್ತ ಕೈಲೆಕ್ಕಕ್ಕೆ ಒಂದೆರಡು ಪೈಸೆ ಹೊಂದದೇ ಹೋದ್ರೂ ಗುಮಾಸ್ತರು ಮತ್ತೆ ನಿಮ್ಮ ಆ್ಯಪ್ ನಂಬಲ್ಲ. ದುಡ್ಡನ್ನ ಪೈಸೆಯಲ್ಲಿ, ತೂಕವನ್ನ ಗ್ರಾಂನಲ್ಲಿ ಪೂರ್ಣಸಂಖ್ಯೆಯಾಗಿ ಇಡಿ. ತೋರಿಸುವಾಗ ಮಾತ್ರ ರೂಪಾಯಿ, ಕಿಲೋ ಮಾಡಿ.

ಉಳಿಸಿದ ಲೆಕ್ಕ ಎಲ್ಲಿ ಹೋಯ್ತು?

ಇದು ನನಗೆ ನಿಜವಾಗ್ಲೂ ಬೆವರು ಬರಿಸಿದ್ದು. ಒಂದು ದಿನ ಬೆಳಗ್ಗೆಯಿಂದ ಸಂಜೆವರೆಗೂ ಎಂಟ್ರಿ ಮಾಡಿದ್ವಿ. ಪರದೆ ಮೇಲೆ ಎಲ್ಲಾ ಸರಿಯಾಗಿ ಕಾಣ್ತಿತ್ತು. ಸಂಜೆ ಆ್ಯಪ್ ಮುಚ್ಚಿ, ಮಾರನೇ ದಿನ ತೆಗೆದ್ರೆ ಒಂದೂ ಇಲ್ಲ. ಎಷ್ಟೋ ಜನ ರೈತರು ಚೀಲ ಇಳಿಸಿ, ದುಡ್ಡು ಆಮೇಲೆ ತಗೋತೀನಿ ಅಂತ ಹೋಗಿದ್ರು. ಗುಮಾಸ್ತರು ನನ್ನ ಮೇಲೆ ನಂಬಿಕೆ ಇಲ್ಲದೆ ಪಕ್ಕದಲ್ಲೇ ಕೈಚೀಟಿ ಬರೆದಿಟ್ಟಿದ್ದಕ್ಕೆ ಬಚಾವ್.

ತಪ್ಪು ಒಂದೇ ಪದ: ಕಮಿಟ್. ಪೈಥಾನ್‌ನ ಎಸ್‌ಕ್ಯೂಲೈಟ್‌ನಲ್ಲಿ ಇನ್ಸರ್ಟ್ ಮಾಡಿದ ತಕ್ಷಣ ಒಂದು ಟ್ರಾನ್ಸಾಕ್ಷನ್ ಶುರುವಾಗುತ್ತೆ. ಅದೇ ಕನೆಕ್ಷನ್‌ನಲ್ಲಿ ಓದಿದ್ರೆ ಹೊಸ ಸಾಲು ಕಾಣುತ್ತೆ, ಆದ್ರೆ ಕಮಿಟ್ ಕರೆಯೋವರೆಗೂ ಅದು ಪೆನ್ಸಿಲ್‌ನಲ್ಲಿ ಬರೆದ ಹಾಗೆ. ಕಮಿಟ್ ಇಲ್ಲದೆ ಮುಚ್ಚಿದ್ರೆ ಅಳಿಸಿಹೋಗುತ್ತೆ. ಪ್ರತಿ ಚೀಟಿಗೂ ಒಂದು ಕಮಿಟ್ ಹಾಕಿ, ದಿನದ ಕೊನೆಗೆ ಅಂತ ಕಾಯಬೇಡಿ. ಕರೆಂಟ್ ನಮ್ಮನ್ನ ಕೇಳಿ ಹೋಗಲ್ಲ.

ಕಮಿಟ್ ಹಾಕಿದ ಮೇಲೂ ಒಂದ್ಸಲ ಲೆಕ್ಕ ಮಾಯ ಆಯ್ತು. ಈ ಸಲ ಕಾರಣ ಬೇರೆ. ಡೇಟಾಬೇಸ್ ಫೈಲ್‌ಗೆ ಬರೀ ಹೆಸರು ಕೊಟ್ಟಿದ್ದೆ, ಪೂರ್ತಿ ವಿಳಾಸ ಕೊಟ್ಟಿರಲಿಲ್ಲ. ಬರೀ ಹೆಸರು ಕೊಟ್ರೆ ಆ್ಯಪ್ ಯಾವ ಫೋಲ್ಡರ್‌ನಿಂದ ಶುರುವಾಯ್ತೋ ಅಲ್ಲಿ ಹುಡುಕುತ್ತೆ. ಶಾರ್ಟ್‌ಕಟ್‌ನಿಂದ ತೆಗೆದಾಗ ಫೋಲ್ಡರ್ ಬೇರೆ ಆಯ್ತು. ಫೈಲ್ ಇಲ್ಲ ಅಂದ್ರೆ ಎಸ್‌ಕ್ಯೂಲೈಟ್ ಬೈಯಲ್ಲ, ಸುಮ್ಮನೆ ಹೊಸ ಖಾಲಿ ಫೈಲ್ ಮಾಡ್ಕೊಳ್ಳುತ್ತೆ. ಅದಕ್ಕೇ ಬಳಸೋರ ಹೋಮ್ ಫೋಲ್ಡರ್ ಒಳಗೆ ಒಂದು ಜಾಗ ಗೊತ್ತು ಮಾಡಿ, ಪೂರ್ತಿ ವಿಳಾಸ ಕೊಡಿ. ಪೈಇನ್‌ಸ್ಟಾಲರ್‌ನಲ್ಲಿ ಒಂದೇ ಫೈಲಿನ ಇಎಕ್ಸ್‌ಇ ಮಾಡೋರು ಇನ್ನೂ ಹುಷಾರಾಗಿರಿ. ಅದು ಓಡುವಾಗ ತನ್ನ ಸಾಮಾನನ್ನ ಒಂದು ತಾತ್ಕಾಲಿಕ ಫೋಲ್ಡರ್‌ಗೆ ಬಿಚ್ಚಿ, ಮುಚ್ಚುವಾಗ ಆ ಫೋಲ್ಡರನ್ನ ಅಳಿಸುತ್ತೆ. ಕೋಡ್ ಇರೋ ಜಾಗದಲ್ಲೇ ಲೆಕ್ಕ ಇಟ್ರೆ ಅದೂ ಜೊತೆಗೆ ಹೋಗುತ್ತೆ.

ಹೊಸದುರ್ಗ ಯಾಕೆ ಕೆಳಗೆ ಹೋಯ್ತು?

ಈಗ ಕನ್ನಡದ ತೊಂದರೆಗಳಿಗೆ ಬರ್ತೀನಿ. ತಾಲ್ಲೂಕು ಆರಿಸೋ ಡ್ರಾಪ್‌ಡೌನ್ ಪಟ್ಟಿಗೆ ಸಾರ್ಟ್ ಹಾಕಿದ್ದೆ. ಬಂದಿದ್ದು ಹೀಗೆ: ಚಳ್ಳಕೆರೆ, ಚಿತ್ರದುರ್ಗ, ಮೊಳಕಾಲ್ಮೂರು, ಹಿರಿಯೂರು, ಹೊಳಲ್ಕೆರೆ, ಹೊಸದುರ್ಗ. ನನಗೆ ಸರಿಯಾಗೇ ಕಂಡ್ತು. ಗುಮಾಸ್ತರು ನೋಡಿದವರೇ, "ಏನಪ್ಪಾ, ನಮ್ಮೂರನ್ನ ಕೊನೇಲಿ ಹಾಕಿದೀಯಲ್ಲ. ಹೊಸದುರ್ಗ ಆದ್ಮೇಲೆ ಹೊಳಲ್ಕೆರೆ ಬರಬೇಕು. ಕಡೇ ಅಕ್ಷರ ಯಾವುದು ಹೇಳು ನೋಡೋಣ" ಅಂದರು. ನಾನು ಓದಿದ್ದೆಲ್ಲ ಇಂಗ್ಲಿಷ್ ಮೀಡಿಯಂ. ಯ ರ ಲ ವ ಶ ಷ ಸ ಹ ಳ ಅಂತ ಬೆರಳು ಮಡಚಿ ಎಣಿಸಿದಾಗಲೇ ನನಗೆ ಗೊತ್ತಾಗಿದ್ದು, ಳ ಎಲ್ಲದಕ್ಕಿಂತ ಕೊನೆ.

ಅಂದ್ರೆ ಕಂಪ್ಯೂಟರ್ ತಪ್ಪು ಮಾಡ್ತಾ? ಇಲ್ಲ. ಯೂನಿಕೋಡ್‌ನಲ್ಲಿ ಕನ್ನಡಕ್ಕೆ 3200 ರಿಂದ 3327 ರವರೆಗೆ 128 ಮನೆ ಕೊಟ್ಟಿದಾರೆ. ಅದರಲ್ಲಿ ಲ 3250, ಳ 3251, ವ 3253, ಸ 3256, ಹ 3257. ಪೈಥಾನ್‌ನ ಸಾರ್ಟ್ ಈ ಸಂಖ್ಯೆಗಳನ್ನ ಮಾತ್ರ ಹೋಲಿಸುತ್ತೆ. ಎರಡೂ ಊರು "ಹೊ"ದಿಂದ ಶುರು. ಎರಡನೇ ಅಕ್ಷರದಲ್ಲಿ ಳ 3251, ಸ 3256. ಹಾಗಾಗಿ ಹೊಳಲ್ಕೆರೆ ಮುಂದೆ ಬಂತು. ಳ ಯಾಕೆ ಲ ಪಕ್ಕದಲ್ಲಿದೆ ಅಂದ್ರೆ, ಯೂನಿಕೋಡ್ ಭಾರತದ ಲಿಪಿಗಳ ಜೋಡಣೆಯನ್ನ 1988ರ ಇಸ್ಕಿ ಮಾನಕದಿಂದ ತಗೊಂಡಿದೆ. ಅದರಲ್ಲಿ ಎಲ್ಲಾ ಲಿಪಿಗೂ ಒಂದೇ ಸಾಲು, ಲ ಪಕ್ಕ ಳ. ನಮ್ಮ ವರ್ಣಮಾಲೆಯ ಕ್ರಮ ಅಲ್ಲಿ ಲೆಕ್ಕಕ್ಕೆ ಬಂದಿಲ್ಲ.

ಸರಿ ಮಾಡೋದು ಸುಲಭ. ಸಾರ್ಟ್‌ಗೆ ಒಂದು ಕೀ ಫಂಕ್ಷನ್ ಕೊಡಿ. ಅದು ಹೆಸರಿನ ಒಂದು ನಕಲು ಮಾಡಿ, ಳ ಇದ್ದಲ್ಲಿ 3258ನೇ ಸಂಖ್ಯೆಯ ಕ್ಯಾರೆಕ್ಟರ್ ಹಾಕಿ ವಾಪಸ್ ಕೊಡಲಿ. 3258 ಯೂನಿಕೋಡ್‌ನಲ್ಲಿ ಖಾಲಿ ಬಿಟ್ಟಿರೋ ಮನೆ, ಹ ಆದ್ಮೇಲೆ, ಕಾಗುಣಿತದ ಗುರುತುಗಳಿಗಿಂತ ಮುಂಚೆ ಇದೆ. ಹೋಲಿಸೋಕೆ ಮಾತ್ರ ಇದು, ಉಳಿಸೋದು ಮೂಲ ಹೆಸರನ್ನೇ. ದೊಡ್ಡ ಪ್ರಾಜೆಕ್ಟ್‌ಗೆ ಐಸಿಯು ಅನ್ನೋ ಲೈಬ್ರರಿ ಇದೆ, ಭಾಷೆವಾರು ಜೋಡಿಸೋ ನಿಯಮಗಳು ಅದರಲ್ಲಿವೆ.

ನಾಲ್ಕು ಊರು, ನಾಲ್ಕು ನಾಲ್ಕು ಅಕ್ಷರ

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ. ಬಾಯಲ್ಲಿ ಎಣಿಸಿ, ಎಲ್ಲಕ್ಕೂ ನಾಲ್ಕೇ ಅಕ್ಷರ. ಪೈಥಾನ್‌ನ ಲೆನ್ ಕೇಳಿದ್ರೆ ಅನುಕ್ರಮವಾಗಿ 10, 8, 8, 9 ಅನ್ನುತ್ತೆ. ಯಾಕಂದ್ರೆ ಅದು ಎಣಿಸೋದು ನಮ್ಮ ಅಕ್ಷರವನ್ನಲ್ಲ. "ತ್ರ" ನಮಗೆ ಒಂದು, ಅದಕ್ಕೆ ತ, ವಿರಾಮದ ಗುರುತು, ರ, ಹೀಗೆ ಮೂರು.

ನಾನು ಚೀಟಿಯಲ್ಲಿ ಊರಿನ ಹೆಸರಿಗೆ 8 ಜಾಗ ಇಟ್ಟು, ಉದ್ದ ಆದ್ರೆ ಕತ್ತರಿಸು ಅಂತ ಬರೆದಿದ್ದೆ. ನಮ್ಮೂರಿನ ಹೆಸರು ಹಾಕಿ ಟೆಸ್ಟ್ ಮಾಡಿದೆ, ಸರಿ ಬಂತು. ಹಿರಿಯೂರು ಕೂಡ ಸರಿ. ಮೊದಲ ಹೊರಗಿನ ಚೀಟಿಯಲ್ಲಿ "ಚಿತ್ರದುರ" ಅಂತ ಪ್ರಿಂಟ್ ಆಯ್ತು, ಆಮೇಲೆ "ಹೊಳಲ್ಕೆರ". ಊರಿನ ಬಾಲ ಹೋಯ್ತು. ಇದರಿಂದ ಎರಡು ಪಾಠ. ಕನ್ನಡ ಪಠ್ಯವನ್ನ ಸಂಖ್ಯೆ ನೋಡಿ ಕತ್ತರಿಸಬೇಡಿ. ಟಿಕಿಂಟರ್‌ನ ಫಾಂಟ್‌ಗೆ ಮೆಷರ್ ಅನ್ನೋದಿದೆ, ಪರದೆ ಮೇಲೆ ಎಷ್ಟು ಪಿಕ್ಸೆಲ್ ಅಗಲ ಅಂತ ಕೇಳಿ, ಜಾಸ್ತಿ ಆದ್ರೆ ಫಾಂಟ್ ಚಿಕ್ಕದು ಮಾಡಿ. ಇನ್ನೊಂದು, ಟೆಸ್ಟ್ ಡೇಟಾದಲ್ಲಿ ನಿಮ್ಮೂರು ಒಂದೇ ಇದ್ರೆ ಸಾಲದು. ಸಿ ಭಾಷೆ ಬಳಸೋರಿಗೆ: ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಗುರುತಿಗೂ 3 ಬೈಟ್. ಚಿತ್ರದುರ್ಗಕ್ಕೆ 30 ಬೈಟ್, ಕೊನೆಯ ಸೊನ್ನೆಗೆ ಇನ್ನೊಂದು. 20 ಜಾಗದ ಚಾರ್ ಅರೇ ಇಟ್ರೆ ಕೋಟೆ ಒಡೆಯುತ್ತೆ.

ಕಣ್ಣಿಗೆ ಒಂದೇ, ಕಂಪ್ಯೂಟರ್‌ಗೆ ಬೇರೆ

ಹುಡುಕಾಟದಲ್ಲಿ ಹೊಸದುರ್ಗ ಅಂತ ಹಾಕಿದ್ರೆ ಕೆಲವು ಸಾಲು ಬರ್ತಿರಲಿಲ್ಲ. "ಹೊ" ಬರೆಯೋಕೆ ಯೂನಿಕೋಡ್‌ನಲ್ಲಿ ಎರಡು ದಾರಿ ಇವೆ. ಹ ಜೊತೆ ೊ ಅನ್ನೋ ಒಂದೇ ಗುರುತು, ಇಲ್ಲಾ ೆ ಮತ್ತು ೂ ಅನ್ನೋ ಎರಡು ಗುರುತು. ಕಾಣೋಕೆ ವ್ಯತ್ಯಾಸ ಇಲ್ಲ, ಹೋಲಿಸಿದ್ರೆ ಸಮ ಅಲ್ಲ. ಉಳಿಸೋ ಮುಂಚೆ, ಹುಡುಕೋ ಮುಂಚೆ, ಎರಡೂ ಕಡೆ ಯೂನಿಕೋಡ್‌ಡೇಟಾ ಮಾಡ್ಯೂಲ್‌ನ ನಾರ್ಮಲೈಸ್‌ಗೆ ಎನ್‌ಎಫ್‌ಸಿ ಅಂತ ಕೊಟ್ಟು ಒಂದೇ ರೂಪಕ್ಕೆ ತನ್ನಿ. ರಾಜ್‌ಕುಮಾರ್ ಥರದ ಹೆಸರಲ್ಲಿ ಜ್ ಮತ್ತು ಕು ಒತ್ತಕ್ಷರ ಆಗದ ಹಾಗೆ ತಡೆಯೋಕೆ ಮಧ್ಯೆ ಕಾಣದ ಒಂದು ಕ್ಯಾರೆಕ್ಟರ್ ಇರುತ್ತೆ, ಸಂಖ್ಯೆ 8204. ಅದನ್ನ ಹೆಸರಿನಿಂದ ಅಳಿಸಬೇಡಿ. ಹುಡುಕೋಕೆ ಮಾಡೋ ನಕಲಿನಿಂದ ಮಾತ್ರ ತೆಗೀರಿ.

ಫೈಲ್ ವಿಷಯ: ವಿಂಡೋಸ್‌ನಲ್ಲಿ ಫೈಲ್ ಓಪನ್ ಮಾಡುವಾಗ ಎನ್‌ಕೋಡಿಂಗ್ ಯುಟಿಎಫ್-8 ಅಂತ ನೀವೇ ಹೇಳಿ, ಇಲ್ಲಾಂದ್ರೆ ಕನ್ನಡ ಬರೆಯುವಾಗಲೇ ಎರರ್ ಬರಬಹುದು. ಸಿಎಸ್‌ವಿ ಫೈಲ್ ಎಕ್ಸೆಲ್‌ನಲ್ಲಿ ಡಬಲ್ ಕ್ಲಿಕ್ ಮಾಡಿ ತೆಗೆದಾಗ ವಿಚಿತ್ರ ಗುರುತುಗಳು ಬಂದ್ರೆ, ಎನ್‌ಕೋಡಿಂಗ್ ಹೆಸರಿನ ಕೊನೆಗೆ ಸಿಗ್ ಸೇರಿಸಿ. ಫೈಲಿನ ಶುರುವಲ್ಲಿ 3 ಬೈಟಿನ ಒಂದು ಗುರುತು ಬೀಳುತ್ತೆ, ಅದನ್ನ ನೋಡಿ ಎಕ್ಸೆಲ್‌ಗೆ ಇದು ಯುಟಿಎಫ್-8 ಅಂತ ಗೊತ್ತಾಗುತ್ತೆ.

ಹಳೇ ಡಿಟಿಪಿ ಫೈಲ್ ಸಿಕ್ಕಿದ್ರೆ ಕಥೆ ಬೇರೆ. ಶೇಷಾದ್ರಿ ವಾಸು ಅವರ ಬರಹ ಬಂದಿದ್ದು 1998ರಲ್ಲಿ. ನುಡಿ ಮಾಡಿದ್ದು ಕನ್ನಡ ಗಣಕ ಪರಿಷತ್ತು. ಆ ಕಾಲದ ಫಾಂಟ್‌ಗಳಲ್ಲಿ ಇಂಗ್ಲಿಷ್ ಅಕ್ಷರಗಳ ಜಾಗದಲ್ಲೇ ಕನ್ನಡದ ಆಕಾರಗಳನ್ನ ಕೂರಿಸ್ತಿದ್ರು. ಫಾಂಟ್ ಇದ್ರೆ ಕನ್ನಡ, ಇಲ್ಲಾಂದ್ರೆ ಅರ್ಥ ಇಲ್ಲದ ಇಂಗ್ಲಿಷ್. ಇಂಥ ಪಟ್ಟಿಯನ್ನ ಮೊದಲು ಕನ್ವರ್ಟರ್‌ನಲ್ಲಿ ಯೂನಿಕೋಡ್ ಮಾಡಿ, ಒಂದು ಸಲ ಕಣ್ಣಾಡಿಸಿ, ಆಮೇಲೆ ಆ್ಯಪ್‌ಗೆ ಹಾಕಿ.

ತಪ್ಪು ಎಲ್ಲಿದೆ ಅಂತ ಹುಡುಕೋದು

ಟಿಕಿಂಟರ್‌ನಲ್ಲಿ ಬಟನ್ ಕೆಲಸದ ಮಧ್ಯೆ ಎರರ್ ಬಂದ್ರೆ ಆ್ಯಪ್ ಬೀಳಲ್ಲ. ಎರರ್ ಟರ್ಮಿನಲ್‌ನಲ್ಲಿ ಪ್ರಿಂಟ್ ಆಗುತ್ತೆ, ವಿಂಡೋ ಏನೂ ಆಗಿಲ್ಲ ಅನ್ನೋ ಥರ ಇರುತ್ತೆ. ಟರ್ಮಿನಲ್ ಇಲ್ಲದೆ ಓಡಿಸಿದ್ರೆ ಯಾರಿಗೂ ಗೊತ್ತಾಗಲ್ಲ. ಅದಕ್ಕೇ ಬರೆಯುವಾಗ ಯಾವಾಗಲೂ ಟರ್ಮಿನಲ್‌ನಿಂದಲೇ ಓಡಿಸಿ, ಎರರ್‌ನ ಕೊನೆ ಸಾಲು ಮೊದಲು ಓದಿ, ಆಮೇಲೆ ಅದರ ಮೇಲೆ ನಿಮ್ಮ ಫೈಲಿನ ಹೆಸರು ಇರೋ ಸಾಲು ನೋಡಿ. ಅಂಗಡಿಗೆ ಕೊಡೋ ಆ್ಯಪ್‌ನಲ್ಲಿ ರಿಪೋರ್ಟ್ ಕಾಲ್‌ಬ್ಯಾಕ್ ಎಕ್ಸೆಪ್ಷನ್ ಅನ್ನೋ ಮೆಥಡ್ ಜಾಗದಲ್ಲಿ ನಿಮ್ಮದೊಂದು ಫಂಕ್ಷನ್ ಇಟ್ಟು, ಎರರ್ ಬಂದ್ರೆ ಸಂದೇಶ ತೋರಿಸಿ, ಫೈಲ್‌ಗೂ ಬರೆಯೋ ಹಾಗೆ ಮಾಡಿ. "ಉಳಿಸೋಕೆ ಆಗಲಿಲ್ಲ, ಕೈಚೀಟಿ ಬರೆದಿಟ್ಕೊಳ್ಳಿ" ಅಂತ ಕನ್ನಡದಲ್ಲಿ ಒಂದು ಸಾಲು ಬಂದ್ರೆ ಸಾಕು, ಆ ದಿನದ ಲೆಕ್ಕ ಉಳಿಯುತ್ತೆ.

ಆಗಲೂ ಸಿಗಲಿಲ್ಲ ಅಂದ್ರೆ ಹೊಸ ಫೈಲ್ ಒಂದರಲ್ಲಿ ಒಂದು ವಿಂಡೋ, ಒಂದು ಬಟನ್ ಇಟ್ಟು ಆ ತಪ್ಪೊಂದನ್ನೇ ಮತ್ತೆ ಬರಿಸಿ. 20 ಸಾಲಿನ ಪ್ರೋಗ್ರಾಂನಲ್ಲಿ ತಪ್ಪಿಗೆ ಅಡಗೋ ಜಾಗ ಇರಲ್ಲ. ಕಮಾಂಡ್ ಬ್ರಾಕೆಟ್ ನನಗೆ ಸಿಕ್ಕಿದ್ದು ಹೀಗೇ.

ಹೋದ ವಾರ ಹೊಳಲ್ಕೆರೆ ಮೇಲೆ ಬಸ್‌ನಲ್ಲಿ ಊರಿಗೆ ಹೋಗಿದ್ದೆ. ಆ್ಯಪ್ ಇನ್ನೂ ಓಡ್ತಿದೆ. ಪಟ್ಟಿಯಲ್ಲಿ ಹೊಸದುರ್ಗ ಹೊಳಲ್ಕೆರೆಗಿಂತ ಮೇಲಿದೆ. ಗುಮಾಸ್ತರು ಕಂಪ್ಯೂಟರ್ ಪಕ್ಕ ಕೈಚೀಟಿ ಪುಸ್ತಕ ಇನ್ನೂ ಇಟ್ಕೊಂಡಿದಾರೆ. "ಇನ್ನೂ ನಂಬಿಕೆ ಬಂದಿಲ್ವಾ?" ಅಂತ ಕೇಳಿದೆ. "ನಂಬಿಕೆ ಐತಪ್ಪ, ಆದ್ರೂ ಇದೂ ಇರ್ಲಿ" ಅಂದರು. ನಾನು ಬೇಡ ಅನ್ನಲಿಲ್ಲ. ದಿನಾ ರಾತ್ರಿ ಡೇಟಾಬೇಸ್‌ನ ಒಂದು ನಕಲು ಪೆನ್‌ಡ್ರೈವ್‌ಗೆ ಹೋಗೋ ಬಟನ್ ಒಂದನ್ನ ಸೇರಿಸಿ ಬಂದೆ. ಅದರ ಕಮಾಂಡ್‌ಗೆ ಬ್ರಾಕೆಟ್ ಹಾಕಿಲ್ಲ.